ಬೇಗಂರ ಹಸಿರು, ಬಾಯಿಯ ಕೆಂಪು

ಹಮೀದಾಬೇಗಂ ಅವರ ಎಡಗಾಲಿನ ಹುಣ್ಣು ಬೇಗ ಮಾಯ್ದಿದ್ದರೆ ರುಕ್ಮಿಣಿಬಾಯಿಗೆ ಚದುರಂಗ ಬರುತ್ತಲೇ ಇರಲಿಲ್ಲ.

ರುಕ್ಮಿಣಿಬಾಯಿ ಆಗ ಜೇವರ್ಗಿಯಲ್ಲಿ ಸರಕಾರಿ ನರ್ಸು. ಹುಟ್ಟಿದೂರು ಆಳಂದ ತಾಲ್ಲೂಕಿನ ಹಿರೋಳ್ಳಿ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಊರು. ಅವ್ವ ಮರಾಠಿಯಲ್ಲಿ ಬೈಯುತ್ತಿದ್ದಳು, ಅಪ್ಪ ಕನ್ನಡದಲ್ಲಿ ಸಮಾಧಾನ ಹೇಳುತ್ತಿದ್ದ. ಇಬ್ಬರೂ ಕೂಲಿ ಮಾಡಿ ಮಗಳನ್ನು ಆಳಂದದ ಹಾಸ್ಟೆಲಿನಲ್ಲಿಟ್ಟು ಓದಿಸಿದರು. ಅವರ ಬೌದ್ಧರ ಓಣಿಯಿಂದ ನೌಕರಿಗೆ ಹೋದ ಮೊದಲ ಹೆಣ್ಣುಮಗಳು ಆಕೆ. ಮದುವೆಯಾದದ್ದು ಅಫಜಲಪುರದ ಜಗದೇವ ಎಂಬ ಬಸ್ ಕಂಡಕ್ಟರನನ್ನು. ಗಂಡ ದಿನವೆಲ್ಲ ಬಸ್ಸಿನ ಮೇಲೆ, ಹೆಂಡತಿ ದಿನವೆಲ್ಲ ಕಾಲಿನ ಮೇಲೆ. ಚೀಲದಲ್ಲಿ ಪಟ್ಟಿ, ಹತ್ತಿ, ಸೂಜಿ ಹಾಕಿಕೊಂಡು ಜೇವರ್ಗಿಯ ಓಣಿ ಓಣಿ ತಿರುಗುವುದೇ ಅವರ ಕೆಲಸವಾಗಿತ್ತು.

ಹಮೀದಾಬೇಗಂ ಹಳೆ ಊರಿನ ಒಂದು ಕಲ್ಲಿನ ಮನೆಯವರು. ಸಕ್ಕರೆ ಕಾಯಿಲೆಯಿಂದ ಪಾದದಡಿ ಹುಣ್ಣಾಗಿತ್ತು. ದವಾಖಾನೆಗೆ ಬಾ ಎಂದರೆ ಹೊಸ್ತಿಲು ದಾಟುವವರಲ್ಲ. ಕಡೆಗೆ ಡಾಕ್ಟರು ರುಕ್ಮಿಣಿಬಾಯಿಯನ್ನೇ ಮನೆಗೆ ಕಳಿಸತೊಡಗಿದರು. ಹುಣ್ಣು ತೊಳೆಯುವಾಗ ಬೇಗಂ ನೋವಿಗೆ ಚೀರುತ್ತಿರಲಿಲ್ಲ. ಎದುರಿನ ಗೂಡಿನಲ್ಲಿಟ್ಟ ಚದುರಂಗದ ಕಾಯಿಗಳನ್ನೇ ದಿಟ್ಟಿಸುತ್ತ ತುಟಿ ಕಚ್ಚಿಕೊಳ್ಳುತ್ತಿದ್ದರು. ಒಂದು ದಿನ ರುಕ್ಮಿಣಿಬಾಯಿ ಕೇಳಿದರು, "ಅವೇನ್ರಿ ಅಮ್ಮಾ, ಸಣ್ ಸಣ್ ಗುಮ್ಮಟ ಇದ್ದಂಗ ಅವ?"

"ಶತರಂಜ್, ಬಾಯಿ. ನಮ್ ಮಾವಂದು. ಆಡಾಕ ಬರ್ತದೇನು ನಿನಗ?"

"ನನಗ್ ಎಲ್ಲಿ ಬರಬೇಕ್ರಿ."

"ಹಂಗಾದ್ರ ಪಟ್ಟಿ ಕಟ್ಟಿ ಕುಂದ್ರು. ಕಾಲಿನ ಕಡಿ ಲಕ್ಷ್ಯ ಹೋಗಬಾರ್ದು ನಂದು."

ಹೀಗೆ ಶುರುವಾಯಿತು. ಅರ್ಧ ಕಾಯಿಗಳು ಹಸಿರು, ಅರ್ಧ ಕೆಂಪು. ಆನೆಗೆ ಸೊಂಡಿಲಿಲ್ಲ, ಕುದುರೆಗೆ ಮುಖವಿಲ್ಲ. ಪ್ಯಾದೆ ಎನ್ನುವ ಕಾಲಾಳಿನಿಂದ ವಜೀರ, ಬಾದಶಹನ ತನಕ ಎಲ್ಲವೂ ಕಡೆದ ಗುಂಡು ತಲೆಗಳೇ, ಎತ್ತರದಲ್ಲಿ ಮಾತ್ರ ಒಂದಿಷ್ಟು ವ್ಯತ್ಯಾಸ. "ಮುಖ ಇಲ್ಲದ ಕುದ್ರಿ ಹ್ಯಾಂಗ್ ಗುರ್ತು ಹಿಡೀಬೇಕ್ರಿ?" ಎಂದು ರುಕ್ಮಿಣಿಬಾಯಿ ತಲೆ ಕೆರೆದುಕೊಂಡರೆ, ಬೇಗಂ ನಗುತ್ತಿದ್ದರು. "ನಡಿಗೀಲೆ ಹಿಡಿ. ಮನಶ್ಯಾರನ್ನೂ ಹಂಗೇ ಹಿಡೀಬೇಕು." ಮೊದಮೊದಲು ರುಕ್ಮಿಣಿಬಾಯಿಯ ಬಾದಶಹ ಚಹಾ ಆರುವುದರೊಳಗೆ ಸೋತು ಹೋಗುತ್ತಿದ್ದ. ಬೇಗಂ ಕನಿಕರ ತೋರಿಸುವವರಲ್ಲ. ಒಮ್ಮೆಯೂ ಬೇಕೆಂದು ಸೋಲಲಿಲ್ಲ. ಅದೇ ರುಕ್ಮಿಣಿಬಾಯಿಗೆ ಹಿಡಿಸಿತು. ನರ್ಸಬಾಯಿ ಎಂದು ದೂರದಿಂದ ಕೈಮುಗಿಯುವವರು ಊರಲ್ಲಿ ಬಹಳ ಜನರಿದ್ದರು. ಎದುರು ಕೂಡಿಸಿಕೊಂಡು ಸರಿಸಮವಾಗಿ ಸೋಲಿಸುವವರು ಇವರೊಬ್ಬರೇ.

ಹುಣ್ಣು ಮಾಯಲು ವರ್ಷದ ಮೇಲಾಯಿತು. ಕೊನೆಯ ಪಟ್ಟಿ ಬಿಚ್ಚಿದ ದಿನ ಬೇಗಂ ಕಾಲನ್ನು ನೋಡಲೇ ಇಲ್ಲ. ಕೆಂಪು ಕಾಯಿಗಳನ್ನೆಲ್ಲ ಒಂದು ಕರವಸ್ತ್ರಕ್ಕೆ ತುಂಬಿ ಗಂಟು ಕಟ್ಟಿ ರುಕ್ಮಿಣಿಬಾಯಿಯ ಚೀಲದೊಳಗೆ ಹಾಕಿದರು.

"ಇದ್ಯಾಕ್ರಿ ಅಮ್ಮಾ?"

"ಕೆಂಪು ನಿಂದು, ಹಸಿರು ನಂದು. ನಿನ್ ಬಲ್ಲಿ ಅರ್ಧ ಇದ್ರ ನೀ ಬರಬೇಕಾಗ್ತದ. ನಾನೂ ಬ್ಯಾರೆಯವರ ಜೋಡಿ ಆಡಂಗಿಲ್ಲ."

ರುಕ್ಮಿಣಿಬಾಯಿ ಬರುತ್ತಲೇ ಇದ್ದರು. ಪೋಲಿಯೋ ಹನಿ ಹಾಕಲು ಹೋದಾಗ, ಹೆರಿಗೆ ಮುಗಿಸಿ ಬರುವಾಗ, ಹಬ್ಬದ ರಜೆಯಲ್ಲಿ. ನಿವೃತ್ತಿಯಾಗಿ ಅಫಜಲಪುರದಲ್ಲಿ ಮನೆ ಕಟ್ಟಿಕೊಂಡ ಮೇಲೆ ಮಾತ್ರ ಹೋಗುವುದು ಕಡಿಮೆಯಾಯಿತು. ಎರಡು ಬಸ್ಸು ಬದಲಿಸಬೇಕು, ಮೊಣಕಾಲು ನೋವು ಬೇರೆ. ಆದರೂ ಹೋದಾಗಲೆಲ್ಲ ಒಂದು ವಿಚಿತ್ರ ಸಂತೋಷ ಕಾದಿರುತ್ತಿತ್ತು: ಈಚೆಗೆ ಅವರು ಗೆಲ್ಲತೊಡಗಿದ್ದರು. ಮೊದಲ ಸಲ ಗೆದ್ದ ದಿನ ಕಲಬುರಗಿಯ ಬಸ್ ಸ್ಟ್ಯಾಂಡಿನಲ್ಲಿ ಜಿಲೇಬಿ ಕೊಂಡು ಗಂಡನಿಗೆ ತಂದಿದ್ದರು. ಇಷ್ಟು ವರ್ಷಕ್ಕೆ ಆಟ ಕೈ ಹತ್ತಿತು ಎಂದು ಜಗದೇವನ ಮುಂದೆ ಜಂಬ ಕೊಚ್ಚಿದ್ದರು. ಆಮೇಲೆ ಬೇಗಂ ಆಡುವುದನ್ನೇ ಬಿಟ್ಟರು. "ಕಾಯಿ ಖರಾಬಾಗ್ಯಾವ ಬಾಯಿ. ಬಣ್ಣ ಹಾರಿ ಹೋಗ್ಯಾವ. ಮಜಾ ಇಲ್ಲ," ಅಂದಿದ್ದರು. ಸೋಲು ತಾಳಲಾರದೆ ನೆಪ ಹೇಳುತ್ತಿದ್ದಾರೆ ಎಂದುಕೊಂಡು ರುಕ್ಮಿಣಿಬಾಯಿ ಸುಮ್ಮನಾಗಿದ್ದರು.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಮುಸ್ತಕೀಮ ಅಫಜಲಪುರಕ್ಕೆ ಬಂದ. ಬೇಗಂ ಅವರ ಮೊಮ್ಮಗ, ಅಜ್ಜಿಯನ್ನು ದಾದಿ ಎಂದು ಕರೆಯುವವನು. ಹೈದರಾಬಾದಿನಲ್ಲಿ ಬೆಳೆದವನು, ಜೇವರ್ಗಿಗೆ ಬಂದು ಮೊಬೈಲ್ ರಿಪೇರಿ ಅಂಗಡಿ ಇಟ್ಟು ಬಹಳ ಕಾಲವಾಗಿರಲಿಲ್ಲ. ರುಕ್ಮಿಣಿಬಾಯಿಗೆ ಅವನ ಮುಖಪರಿಚಯ ಅಷ್ಟಕ್ಕಷ್ಟೆ. ಅಂಗಳದಲ್ಲಿ ಕುರ್ಚಿ ಹಾಕಿ ಕೂಡಿಸಿ, ಬೇಗಂ ಹೇಗಿದ್ದಾರೆ ಎಂದು ಕೇಳಿದರು. ಅವನು ನೀರು ಕುಡಿದು ನೇರ ಮಾತಿಗೆ ಬಂದ.

"ದಾದೀ ಶತರಂಜಿನ ಅರ್ಧ ಸೆಟ್ಟು ನಿಮ್ ಬಲ್ಲಿ ಅದ ಅಂತಲ್ರಿ. ಹಾಥಿದಾಂತ್ ಅದು, ಆನಿ ದಂತದ್ದು. ಹಂತಾದ್ದಕ್ಕ ಭಾಳ ಕಿಮ್ಮತ್ತು ಅದ. ನಮ್ ದಾದಿ ಭೋಳೆ ಜೀವ, ಯಾರ್ ಕೇಳಿದ್ರೂ ಕೊಟ್ಟುಬಿಡ್ತಾರ."

ಮಾತು ಮೆತ್ತಗಿತ್ತು. ಒಳಗಿನ ಮುಳ್ಳು ರುಕ್ಮಿಣಿಬಾಯಿಗೆ ತಾಕಿತು. ಆಕೆ ಎದ್ದು ಹೋಗಿ ಒಂದು ಸ್ಟೀಲ್ ಡಬ್ಬಿ ತಂದರು. ಸಿರಿಂಜುಗಳನ್ನು ಕುದಿಸಲು ಬಳಸುತ್ತಿದ್ದ ಹಳೆ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಹತ್ತಿಯ ಪದರಗಳ ನಡುವೆ ಕೆಂಪು ಕಾಯಿಗಳು ಮಲಗಿದ್ದವು.

"ನಾ ಕೇಳಿ ತೊಗೊಂಡಿದ್ದಲ್ಲಪ್ಪ. ಬೇಕಾದ್ರ ಒಯ್ಯಿ, ನಿಮ್ ಮನಿದು. ಆದ್ರ ಈಗ ಯಾಕ್ ಮಾರಾಕತ್ತೀ?"

ಮುಸ್ತಕೀಮ ಸ್ವಲ್ಪ ಹಿಂಜರಿದ. "ದಾದಿಯೇ ಹೇಳ್ಯಾರ್ರಿ. ಬಣ್ಣ ಹೋಗಾಕತ್ತಾವ, ಪೂರಾ ಹಾಳಾಗೂದ್ರೊಳಗ ಮಾರಿಬಿಡು ಅಂದ್ರು. ಮಾಳಿಗಿ ಸೋರತದ, ಅದಕ್ಕಾರ ಆಗ್ತದ ಅಂತ. ಆಳಂದದಾಗ ಗುರುನಾಥ ಅಂತ ಇದ್ದಾರ, ಹಳೇ ಸಾಮಾನು ನೋಡಿ ಬೆಲಿ ಹೇಳ್ತಾರ."

"ನಾನೂ ಬರ್ತೇನಿ ಆಳಂದಕ್ಕ. ಏನ್ ಹೇಳ್ತಾರೋ ನನ್ ಕಿವೀಲೆ ಕೇಳಬೇಕು."

ಅವನಿಗೆ ಬೇಡವೆನ್ನಲಾಗಲಿಲ್ಲ.

ಗುರುನಾಥರ ಅಂಗಡಿ ಆಳಂದ ಬಸ್ ಸ್ಟ್ಯಾಂಡಿನ ಹಿಂದೆ, ತೊಗರಿ ಖರೀದಿಯ ಅಡತಿ ಅಂಗಡಿಗಳ ಸಾಲು ಮುಗಿಯುವ ಕಡೆ. ಹಿತ್ತಾಳೆ ಹಂಡೆ, ನಿಜಾಮರ ಕಾಲದ ನಾಣ್ಯ, ಕೀಲಿ ಕೊಡುವ ಗಡಿಯಾರ, ಮುರಿದ ವಾಡೆಗಳ ಬಾಗಿಲು. ನಡುವೆ ಹಣೆಯ ಮೇಲೆ ವಿಭೂತಿ ಇಟ್ಟುಕೊಂಡ, ಅರವತ್ತು ದಾಟಿದ ಗುರುನಾಥ. ಮುಸ್ತಕೀಮ ತಂದಿದ್ದ ಹಸಿರಿನ ಡಬ್ಬಿ, ರುಕ್ಮಿಣಿಬಾಯಿಯ ಕೆಂಪಿನ ಡಬ್ಬಿ ಎರಡನ್ನೂ ಅವರು ಬಿಚ್ಚಿದರು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಬಾಗಿಲ ಬೆಳಕಿಗೆ ಕಾಯಿಗಳನ್ನು ಸಾಲಾಗಿ ನಿಲ್ಲಿಸಿದರು. ಹಸಿರು ಒಂದು ಕಡೆ, ಕೆಂಪು ಒಂದು ಕಡೆ. ಹಸಿರಿನ ಸಾಲಿನ ಕೊನೆಗೆ ಬಂದಾಗ ಅವರ ಕೈ ನಿಂತಿತು.

"ಇದೇನ್ರಿ ಇದು? ರಬ್ಬರ್?"

"ಪೆನ್ಸಿಲಿನ್ ಬಾಟ್ಲಿ ಬೂಚ್ ರಿ," ಎಂದರು ರುಕ್ಮಿಣಿಬಾಯಿ. "ಒಂದ್ ಪ್ಯಾದೆ ಮೊದಲೇ ಕಳದಿತ್ತು. ನಾನೇ ಇಟ್ಟೀನಿ. ಅದೂ ಭಾಳ ಛಲೋ ದುಡದದ."

ಗುರುನಾಥ ನಗು ತಡೆದುಕೊಂಡು ಭೂತಗನ್ನಡಿ ತೆಗೆದರು. ಕೆಂಪು ಆನೆಯ ಬುಡವನ್ನು ತಿರುಗಿಸಿ ಬಹಳ ಹೊತ್ತು ನೋಡಿದರು, ಮತ್ತೆ ಹಸಿರು ಒಂಟೆಯದು. ಆಮೇಲೆ ಕನ್ನಡಿಯನ್ನು ಮುಸ್ತಕೀಮನ ಕೈಗೆ ಕೊಟ್ಟರು. "ನೀವೇ ನೋಡ್ರಿ. ಸಣ್ಣ ಸಣ್ಣ ಕರಿ ಚುಕ್ಕಿ ಕಾಣ್ತಾವೇನು? ದಂತಕ್ಕ ಹಿಂಗ ಚುಕ್ಕಿ ಇರಂಗಿಲ್ಲ, ಬಲೆ ಹೆಣೆದಂಗ ಗೆರಿ ಇರ್ತಾವ. ಇದು ಎಲುಬು. ಒಂಟೆ ಎಲುಬು ಇದ್ದೀತು."

ರುಕ್ಮಿಣಿಬಾಯಿಯೂ ಬಗ್ಗಿ ನೋಡಿದರು. ಚುಕ್ಕಿಗಳು ಸ್ಪಷ್ಟವಾಗಿದ್ದವು. ಎಲುಬಿನೊಳಗೆ ರಕ್ತ ಹರಿಯುವ ದಾರಿಗಳು. ತರಬೇತಿಯಲ್ಲಿ ಚಿತ್ರ ಬಿಡಿಸಿದ್ದು ನೆನಪಾಯಿತು.

ಮುಸ್ತಕೀಮನ ಮುಖ ಇಳಿಯಿತು. "ಅಂದ್ರ ಕಿಮ್ಮತ್ತೇ ಇಲ್ಲೇನ್ರಿ? ನಮ್ ಮನ್ಯಾಗ ಎಲ್ಲಾರೂ ಹಾಥಿದಾಂತ್ ಅಂತಿದ್ರು."

"ಸಂತೋಷ ಪಡ್ರಿ ತಮ್ಮಾ. ದಂತ ಇದ್ರ ನಾ ಮುಟ್ಟತಿದ್ದಿಲ್ಲ, ನಿಮಗೂ ಮಾರಾಕ ಬರತಿದ್ದಿಲ್ಲ. ಕಾಯ್ದೆ ಅದ. ಎಲುಬಿಗೆ ಆ ತೊಂದ್ರಿ ಇಲ್ಲ. ಕೆತ್ತನಿ ಭಾಳ ನಾಜೂಕದ, ಹಳೇದೂ ಖರೇ. ನೂರ್ ವರ್ಷದ ಮ್ಯಾಲಿಂದು ಅನಸ್ತದ." ಮತ್ತೆ ಕಾಯಿಗಳ ಕಡೆ ತಿರುಗಿದರು. ಕೆಂಪು ವಜೀರನ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಸೀಳೊಂದನ್ನು ಕಂಡುಹಿಡಿದರು. ಹಸಿರಿನವು ಕೈಯ ಎಣ್ಣೆಗೆ ಹೊಳಪೇರಿವೆ, ಕೆಂಪಿನವು ಹತ್ತಿಯಲ್ಲಿದ್ದು ಒಣಗಿವೆ ಎಂದರು. "ಒಂದ್ ಪ್ಯಾದೆ ಇಲ್ಲ, ಒಂದ್ ಸೀಳು. ಆದ್ರೂ ಕೂಡಿ ಮಾರಿದ್ರ ಮೂವತ್ತು ಸಾವಿರಕ್ಕ ಮೋಸ ಇಲ್ಲ. ಬ್ಯಾರೆ ಬ್ಯಾರೆ ಮಾರಿದ್ರ ಯಾರೂ ಕೇಳಂಗಿಲ್ಲ. ಅರ್ಧ ಫೌಜು ಇಟ್ಕೊಂಡು ಯಾರ್ ಏನ್ ಮಾಡ್ತಾರ?"

"ಬಣ್ಣ ಹೋದದ್ದಕ್ಕ ಎಷ್ಟ್ ಕಡಿಮಿ ಹಿಡದೀರಿ?" ಮುಸ್ತಕೀಮ ಕೇಳಿದ.

ಗುರುನಾಥ ತಲೆಯೆತ್ತಿದರು. "ಬಣ್ಣ ಎಲ್ಲಿ ಹೋಗ್ಯಾವ?"

"ದಾದಿ ಹೇಳ್ತಾರಲ್ರಿ. ಎರಡೂ ಒಂದೇ ನಮೂನಿ ಕಾಣ್ತಾವ, ಹಸಿರು ಯಾವ್ದು ಕೆಂಪು ಯಾವ್ದು ತಿಳೀವಲ್ದು ಅಂತ."

ಗುರುನಾಥ ಒಂದು ಹಸಿರು ಕಾಯಿಯನ್ನು ಮಗುಚಿದರು. ಬುಡಕ್ಕೆ ಅಂಟಿಸಿದ್ದ ಮಖಮಲ್ಲಿನ ಚೂರು ಅರ್ಧ ಬಿಟ್ಟುಕೊಂಡಿತ್ತು. ಅದನ್ನು ಉಗುರಿನಿಂದ ಮೆಲ್ಲಗೆ ಎತ್ತಿದರು. "ಇಲ್ಲಿಗೆ ಬೆಳಕು ಎಂದೂ ತಾಕಿಲ್ಲ. ಮಾಡಿದ ದಿನದ ಬಣ್ಣ ಇದು. ಈಗ ತಲಿ ನೋಡ್ರಿ. ಫರಕ್ ಅದೇನು?" ಫರಕು ಇರಲಿಲ್ಲ. ಕೆಂಪಿನದನ್ನೂ ಹಾಗೇ ತೋರಿಸಿದರು. "ಗಿಳಿ ಹಸಿರು, ಅರಗಿನ ಕೆಂಪು. ಬಾಗಲಾಚೆ ನಿಂತವರಿಗೂ ಕಾಣ್ತದ. ನಿಮ್ ಅಜ್ಜಿಗೆ ಯಾಕ್ ಹಂಗ್ ಅನಸ್ತೋ ಏನೋ."

ರುಕ್ಮಿಣಿಬಾಯಿ ಆ ಹಸಿರು ಕಾಯಿಯನ್ನು ಕೈಗೆತ್ತಿಕೊಂಡರು. ಬೇಗಂ ಈಚೆಗೆ ಕಾಯಿಯನ್ನು ಮುಟ್ಟಿ ಮುಟ್ಟಿ ನೋಡಿ ನಡೆಸುತ್ತಿದ್ದುದು, ಕಿಟಕಿಗೆ ಬೆನ್ನು ಹಾಕಿ ಕೂಡುತ್ತಿದ್ದುದು, ತಮ್ಮದೇ ಹಸಿರು ಕುದುರೆಯನ್ನು ಹೊಡೆಯಲು ಹೋಗಿ "ಗಲತಿ ಆತು" ಎಂದು ನಕ್ಕದ್ದು ಎಲ್ಲ ಒಂದೊಂದಾಗಿ ಕಣ್ಣೆದುರು ಬಂತು. ತಾನು ಜಿಲೇಬಿ ಕೊಂಡದ್ದೂ ನೆನಪಾಯಿತು. ಮೂವತ್ತು ವರ್ಷ ಊರಿನವರ ಕಣ್ಣು, ನಾಲಗೆ, ಉಗುರು ನೋಡಿದವಳಿಗೆ ಎದುರು ಕೂತ ಗೆಳತಿಯ ಕಣ್ಣು ಕಾಣಲಿಲ್ಲ. ಗೆಲ್ಲುವ ಖುಷಿಯಲ್ಲಿ ಬರೀ ಕಾಯಿಗಳನ್ನೇ ನೋಡುತ್ತಿದ್ದಳು.

"ಮುಸ್ತಕೀಮ, ಏಳು. ಜೇವರ್ಗಿ ಬಸ್ ಹಿಡಿಯೋಣ. ಖರಾಬಾಗಿದ್ದು ಕಾಯಿ ಅಲ್ಲ."

ಗುರುನಾಥ ಕಾಯಿಗಳನ್ನು ತಿರುಗಿ ಕಟ್ಟಿಕೊಟ್ಟು, ಬೆಲೆ ಹೇಳಿದ್ದಕ್ಕೆ ದುಡ್ಡು ಬೇಡವೆಂದರು. ಮೊದಲು ಅಜ್ಜಿಯ ಕಡೆ ನೋಡಿರಿ, ಕಾಯಿ ಎಲ್ಲಿ ಓಡಿ ಹೋಗುತ್ತವೆ ಎಂದರು. ಬಸ್ಸಿನಲ್ಲಿ ಮುಸ್ತಕೀಮ ಎರಡೂ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕಲಬುರಗಿ ದಾಟಿದ ಮೇಲೆ, "ಮನ್ಯಾಗ ಇದ್ದು ನನಗೇ ತಿಳೀಲಿಲ್ಲ," ಅಂದ. "ನನಗೂ ತಿಳೀಲಿಲ್ಲ," ಎಂದರು ರುಕ್ಮಿಣಿಬಾಯಿ.

ಬೇಗಂ ಪಡಸಾಲೆಯ ಮಂಚದ ಮೇಲೆ ಕೂತು ತಸಬಿಯ ಜಪಮಣಿ ಎಣಿಸುತ್ತಿದ್ದರು. ಹೆಜ್ಜೆಯ ಸಪ್ಪಳಕ್ಕೇ, "ಬಾಯಿ? ಮೊಣಕಾಲ್ ಇನ್ನಾ ನೋಯ್ತಾವಲ್ಲ ನಿಂದು," ಅಂದರು. ರುಕ್ಮಿಣಿಬಾಯಿ ಅವರನ್ನು ಕಿಟಕಿಯ ಕಡೆ ತಿರುಗಿಸಿ ಕೂಡಿಸಿ, ಒಂದು ಕೈಯಲ್ಲಿ ಹಸಿರು ಪ್ಯಾದೆ, ಇನ್ನೊಂದರಲ್ಲಿ ಕೆಂಪು ಪ್ಯಾದೆ ಹಿಡಿದರು.

"ಯಾವ್ದು ಹಸಿರು ಹೇಳ್ರಿ."

"ಎರಡೂ ಕಂದು. ಹೇಳೀನಲ್ಲ, ಬಣ್ಣ ಹಾರ್ಯಾವಂತ."

ರುಕ್ಮಿಣಿಬಾಯಿ ಮುಸ್ತಕೀಮನ ಮೊಬೈಲಿನ ಬೆಳಕನ್ನು ಓರೆಯಾಗಿ ಕಣ್ಣಿಗೆ ಬಿಟ್ಟರು. ಎರಡೂ ಕಣ್ಣ ಗೊಂಬೆಗಳ ಒಳಗೆ ಬೂದಿ ಮುಚ್ಚಿದಂತೆ ಬಿಳಿ ಪೊರೆ. ಇಷ್ಟು ಬಲಿಯುವ ತನಕ ಈ ಹೆಂಗಸು ಕಾಯಿಗಳನ್ನು ಮುಟ್ಟಿ, ಎಲ್ಲಿ ಯಾವುದಿದೆ ಎಂದು ನೆನಪಿಟ್ಟುಕೊಂಡು ಆಡುತ್ತಿದ್ದರು. ಹಾಗಿದ್ದೂ ಕೆಲವು ಆಟ ಗೆದ್ದಿದ್ದರು.

"ಮೋತಿಬಿಂದು ಆಗ್ಯಾವ್ರಿ ಅಮ್ಮಾ. ಆಪರೇಶನ್ ಮಾಡಸ್ಬೇಕು."

ಬೇಗಂ ಕೈ ಕೊಡವಿದರು. "ಕಣ್ಣಾಗ ಚಾಕು? ತೋಬಾ. ಈ ವಯಸ್ಸಿನ್ಯಾಗ ನೋಡೂದೇನು ಉಳದದ? ಈ ಮನಿ ಗ್ವಾಡಿ ನೋಡಬೇಕು, ಅದು ಗೊತ್ತೇ ಅದ. ಕಾಯಿ ಮಾರಿ ಮಾಳಿಗಿ ಮಾಡಿಸ್ಕೊಳ್ರಿ, ನನ್ನ ಬಿಡ್ರಿ."

ಮುಸ್ತಕೀಮ ಬೇಡಿಕೊಂಡ. ಒಂದೇ ದಿನದ ಕೆಲಸ, ನೋವೇ ಇರುವುದಿಲ್ಲ, ಸರಕಾರಿ ದವಾಖಾನೆಯಲ್ಲಿ ಖರ್ಚೂ ಇಲ್ಲ ಎಂದ. ಬೇಗಂ ತಸಬಿಯನ್ನು ಇನ್ನೂ ಜೋರಾಗಿ ಎಣಿಸತೊಡಗಿದರು. ರುಕ್ಮಿಣಿಬಾಯಿ ವಾದ ಮಾಡಲಿಲ್ಲ. ಕಾಯಿಗಳನ್ನು ಡಬ್ಬಿಗೆ ತುಂಬುತ್ತ, ತಮಗೆ ತಾವೇ ಎಂಬಂತೆ ಹೇಳಿದರು, "ಆಯ್ತು. ಹಂಗಾದ್ರ ಹೋದ್ ಸಲ ನಾ ಗೆದ್ದಿದ್ದೆಲ್ಲ ಪಕ್ಕಾ ಆಯ್ತು. ಅಫಜಲಪುರದಾಗ ಎಲ್ಲಾರಿಗೂ ಹೇಳ್ತೇನಿ, ಹಮೀದಾಬೇಗಂಗ ಸಾಲಾಗಿ ಸೋಲಿಸೇನಿ ಅಂತ."

ತಸಬಿ ನಿಂತಿತು.

"ಅವು ಲೆಕ್ಕಕ್ಕ ಹಿಡ್ಯಾಂಗಿಲ್ಲ! ನನಗ್ ಕಾಣತಿದ್ದಿಲ್ಲ!"

"ಅದನ್ನ ಕಣ್ಣಿನ ಪೊರಿ ತಗಸ್ಕೊಂಡು ಬಂದು ಹೇಳ್ರಿ."

ಮುಸ್ತಕೀಮನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಬೇಗಂ ಮುಖ ಗಂಟಿಕ್ಕಿಕೊಂಡೇ, "ನೀ ಒಳಗ ಇರ್ತೀಯೇನು? ಕೈ ಹಿಡ್ಕೊಂಡು?" ಎಂದು ಕೇಳಿದರು.

ಸಕ್ಕರೆ ಹತೋಟಿಗೆ ಬರುವ ತನಕ ಡಾಕ್ಟರು ಚಾಕು ಮುಟ್ಟುವುದಿಲ್ಲ ಎಂದರು. ರುಕ್ಮಿಣಿಬಾಯಿ ಒಂದು ಚೀಲ ಬಟ್ಟೆ ತರಿಸಿಕೊಂಡು ಜೇವರ್ಗಿಯಲ್ಲೇ ಉಳಿದರು. ಜೋಳದ ರೊಟ್ಟಿಗೆ ಬೆಲ್ಲ ಹಚ್ಚಿಕೊಳ್ಳುವುದನ್ನು ಬಿಡಿಸಿದರು. ದಿಂಬಿನಡಿ ಬಚ್ಚಿಟ್ಟ ಖಜೂರವನ್ನು ಹುಡುಕಿ ತೆಗೆದರು. ಬೇಗಂ ದಿನಾ ಬೈದರು, ದಿನಾ ಮಾತ್ರೆ ನುಂಗಿದರು. ಶ್ರಾವಣ ಹಿಡಿಯುವ ಹೊತ್ತಿಗೆ ಕಲಬುರಗಿಯಲ್ಲಿ ಬಲಗಣ್ಣಿನ ಆಪರೇಶನ್ ಆಯಿತು. ನಿವೃತ್ತ ನರ್ಸಾದರೂ ಒಳಗೆ ಬಿಡುವುದಿಲ್ಲ ಎಂದರು ಅಲ್ಲಿಯವರು. ಹಳೆಯ ಪರಿಚಯದವರೊಬ್ಬರು ಗುರುತು ಹಿಡಿದು ಬಾಗಿಲ ತನಕ ಬಿಟ್ಟರು. ಕೈ ಹಿಡಿಯಲಾಗದಿದ್ದರೂ ರುಕ್ಮಿಣಿಬಾಯಿ ಹೊರಗಿನಿಂದ, "ಇಲ್ಲೇ ಇದ್ದೀನ್ರಿ ಅಮ್ಮಾ," ಎಂದು ಕೂಗಿ ಹೇಳಿದರು.

ವರಾಂಡದಲ್ಲಿ ಕಾಯುತ್ತಿದ್ದಾಗ ಮುಸ್ತಕೀಮ ಚಹಾ ತಂದುಕೊಟ್ಟ. ಪಕ್ಕದಲ್ಲಿ ಕೂತು ನೆಲ ನೋಡುತ್ತ ಹೇಳಿದ, "ಅವತ್ತು ನಿಮ್ಮನಿಗೆ ಬಂದಾಗ ನಾ ಬ್ಯಾರೇನೇ ತಿಳ್ಕೊಂಡು ಬಂದಿದ್ದೆ ಖಾಲಾ."

"ಗೊತ್ತದ. ಚಹಾ ಆರತದ, ಕುಡಿ."

ಖಾಲಾ ಎಂದಿದ್ದನ್ನು, ಚಿಕ್ಕಮ್ಮ ಎಂದು ಕರೆದದ್ದನ್ನು, ಆಕೆ ಕೇಳಿಸಿಕೊಂಡರು.

ಮರುದಿನ ಪಟ್ಟಿ ಬಿಚ್ಚಿದಾಗ ಬೇಗಂ ಮೊದಲು ತಮ್ಮ ಕೈಗಳನ್ನು ನೋಡಿಕೊಂಡರು. ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಮೊಮ್ಮಗನನ್ನು. "ಇಷ್ಟ್ ಬಡಕಾಗಿಯಲ್ಲೋ ಬೇಟಾ!" ಆಮೇಲೆ ರುಕ್ಮಿಣಿಬಾಯಿಯ ಕಡೆ ತಿರುಗಿ, ಬಾಯಿ ತೆರೆದುಕೊಂಡೇ ಕೂತರು.

"ಅರೆ ಬಾಯಿ! ನಿನ್ ಕೂದಲ ಯಾವಾಗ್ ಬೆಳ್ಳಗಾದ್ವು?"

"ಭಾಳ ದಿನ ಆಯ್ತ್ರಿ."

"ನಾ ಇನ್ನಾ ಕರಿ ಕೂದಲಾಕಿ ಜೋಡಿನೇ ಆಡಾಕತ್ತೀನಿ ಅನ್ಕೊಂಡಿದ್ದೆ." ಬೇಗಂ ಕೈ ಚಾಚಿ ಆ ಬಿಳಿ ಕೂದಲನ್ನು ಮುಟ್ಟಿದರು. ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. ನೀರು ಬರಬಾರದು, ಹನಿ ಔಷಧ ಹಾಕಬೇಕು ಎಂದು ರುಕ್ಮಿಣಿಬಾಯಿ ಗದರಿದರು.

ಆ ವರ್ಷ ಮಾಳಿಗೆಗೆ ಸ್ಲ್ಯಾಬು ಬೀಳಲಿಲ್ಲ. ಸೋರುವ ಕಡೆ ಮುಸ್ತಕೀಮ ತಗಡು ಹೊದಿಸಿದ. ಕಾಯಿಗಳನ್ನು ಮಾರುವ ಮಾತು ಬಂದಾಗ ಬೇಗಂ, "ನಾವಿಬ್ಬರೂ ಇರೂ ತನಕ ಅವು ಇರ್ಲಿ, ಆಮೇಲೆ ಆಳಂದದ ಗುರುನಾಥಗ ಕೊಡು, ಅವ ಖರೇ ಮಾತಾಡಿದ ಮನಶ್ಯಾ," ಅಂದರು. ಹಸಿರು ಬಣ್ಣ ಕಂಡ ದಿನದಿಂದ ಅವರ ಆಟವೂ ತಿರುಗಿತು. ರುಕ್ಮಿಣಿಬಾಯಿ ಒಂದರ ಹಿಂದೊಂದು ಸೋತರು. ಸೋತು ಬಂದು ಜಗದೇವನಿಗೆ ಹೇಳುವಾಗ ಗೆದ್ದು ಬಂದವರ ಮುಖವಿರುತ್ತಿತ್ತು.

ದಸರೆ ಮುಗಿದ ಮೇಲೆ ಒಂದು ಭಾನುವಾರ, ಹೊಸ್ತಿಲು ದಾಟದ ಆ ಹೆಂಗಸು ತಾವಾಗಿಯೇ, "ಈ ಸಲ ನಾನೇ ಬರ್ತೀನಿ, ಬಾಯಿ ಮನಿ ನೋಡಬೇಕು," ಎಂದು ಹೊರಟರು. ಬಸ್ಸಿನಲ್ಲಿ ಕಿಟಕಿಯ ಸೀಟೇ ಬೇಕೆಂದು ಹಟ ಹಿಡಿದರಂತೆ. ಸೇತುವೆಯ ಮೇಲೆ ಭೀಮಾ ನದಿ ಕಂಡಾಗ ಎದ್ದು ನಿಂತು ನೋಡಿದರಂತೆ. ಕಂಡಕ್ಟರ್ ಕೂಡ್ರಿ ಎಂದರೂ ಕೂಡಲಿಲ್ಲವಂತೆ. ಮುಸ್ತಕೀಮ ಇದನ್ನೆಲ್ಲ ಹೇಳಿ ನಗುತ್ತಿದ್ದಾಗ ಬೇಗಂ ಅಫಜಲಪುರದ ಆ ಅಂಗಳದಲ್ಲಿ ಆಗಲೇ ಚದುರಂಗದ ಹಾಸು ಬಿಡಿಸಿ ಕಾಯಿ ಜೋಡಿಸುತ್ತಿದ್ದರು. ಪಕ್ಕದ ಮನೆಯ ಮಹಾನಂದಾ ಸೊಪ್ಪು ಸೋಸುತ್ತಿದ್ದವಳು ಮೊರ ಹಿಡಿದುಕೊಂಡೇ ಬಂದು ಕೂತಳು. ಅವಳ ಹಿಂದೆ ಇನ್ನಿಬ್ಬರು ಬಂದರು.

"ಇದು ಹ್ಯಾಂಗ್ ಆಡ್ತಾರ್ರಿ ಅಮ್ಮಾ?" ಮಹಾನಂದಾ ಕೇಳಿದಳು.

"ಮೊದ್ಲು ನೋಡು. ಸುಮ್ಕ ಕುಂತು ನೋಡು," ಎಂದರು ಬೇಗಂ, ಪ್ಯಾದೆಯೊಂದನ್ನು ಮುಂದೆ ಸರಿಸುತ್ತ. ಆಮೇಲೆ ರುಕ್ಮಿಣಿಬಾಯಿಯ ಕಡೆ ತಿರುಗಿ, "ಇನ್ನೊಂದ್ ಕಣ್ಣಿಂದು ಥಂಡಿ ಮುಗಿಯೂದ್ರೊಳಗ ಮಾಡ್ಸಿಬಿಡೋಣ, ಡಾಕ್ಟರಗ ಕೇಳು," ಅಂದರು.

"ಕೇಳ್ತೇನಿ. ನಿಮ್ ವಜೀರ ಹೋಯ್ತು ನೋಡ್ರಿ."

"ಎಲ್ಲಿ?" ಬೇಗಂ ಬಗ್ಗಿದರು. ಹೋಗಿತ್ತು, ಖರೆ. ಮಹಾನಂದಾ ಸೊಪ್ಪಿನ ಮೊರವನ್ನು ಕೆಳಗಿಟ್ಟು ಇನ್ನೂ ಹತ್ತಿರ ಸರಿದಳು.